ಸ್ಟಾಕ್‌ಹೋಮಿನಲ್ಲಿ ಎಲ್ಲಿ ಉಣ್ಣಬೇಕು

ಎಚ್ಚರವಾದಾಗ ಅಂದಾನೆಪ್ಪನ ನಾಲಗೆಯ ಮೇಲೆ ಮೀನಿನ ರುಚಿ ಇತ್ತು. ಮೀನನ್ನು ಅವನು ಹುಟ್ಟಿದಾಗಿನಿಂದ ಮುಟ್ಟಿದವನಲ್ಲ. ಕೊರಳಲ್ಲಿ ಲಿಂಗ, ಹೊಟ್ಟೆಯಲ್ಲಿ ಜೋಳ, ತಲೆಯಲ್ಲಿ ಬಿ.ಎ.; ಇಷ್ಟೇ ಅವನ ಆಸ್ತಿ. ಆದರೂ ಮೂರು ತಿಂಗಳಿಂದ ಕೆಂಪು ರಟ್ಟಿನ ಆ ಪ್ರವಾಸಿ ಪುಸ್ತಕದ ಒಂಬತ್ತು ಪುಟಗಳನ್ನು ಎಷ್ಟು ಸಲ ಓದಿದ್ದನೆಂದರೆ, ಉಪ್ಪು ಹಾಕಿದ ಮೀನು, ಸಕ್ಕರೆ ಹಾಕಿದ ಮೀನು, ಹೊಗೆ ಕೊಟ್ಟ ಮೀನು ಎಲ್ಲವೂ ನಾಲಗೆಯ ಮೇಲೆ ಸಾಲಾಗಿ ಬಂದು ಹಾಜರಿ ಹೇಳಿ ಹೋಗುತ್ತಿದ್ದವು. ಧಾರವಾಡದಲ್ಲಿ ಓದುವಾಗ, ಊರು ಬಿಟ್ಟು ಹೊರಟಿದ್ದ ಪಾದ್ರಿಯೊಬ್ಬನ ಸಾಮಾನಿನ ಹರಾಜಿನಲ್ಲಿ ಒಂದು ಮುರುಕು ಕೊಡೆಯ ಜೊತೆ ಪುಕ್ಕಟೆ ಬಂದ ಪುಸ್ತಕ ಅದು. ಕೊಡೆ ಒಂದೇ ಮಳೆಗಾಲಕ್ಕೆ ಹೋಯಿತು, ಪುಸ್ತಕ ಉಳಿಯಿತು. 'ಸ್ಟಾಕ್‌ಹೋಮಿನಲ್ಲಿ ಪ್ರವಾಸಿಯು ಎಲ್ಲಿ ಉಣ್ಣಬೇಕು, ಎಲ್ಲಿ ಕುಡಿಯಬೇಕು' ಎಂಬುದು ಆ ಒಂಬತ್ತು ಪುಟಗಳ ತಲೆಬರಹ. ದಾಂಡೇಲಿಯ ಕಟ್ಟಿಗೆ ಡಿಪೋದ ಕಾರಕೂನನಿಗೆ ಆ ಪ್ರಶ್ನೆ ಯಾಕೆ ಬೇಕು ಎಂದು ಕೇಳಿದರೆ ಅವನು ಒಂದು ವರ್ಷದ ಕೆಳಗೆ ನಗುತ್ತಿದ್ದ. ಇವತ್ತು ನಗು ಬರಲಿಲ್ಲ. ಕಡ್ಡಿಪೆಟ್ಟಿಗೆ ಮಾಡುವ ಕಂಪನಿಯ ಸಾಹೇಬ ಆ ಊರಿನವನೇ, ಇವತ್ತು ಅಳ್ನಾವರದ ಗಾಡಿಗೆ ಬರುತ್ತಾನೆ. ಕಡ್ಡಿಗೆ ಆಗುವ ಮೆದು ಬೂರುಗದ ಮರ ನೋಡುತ್ತಾನೆ. ಮರ ಆರಿಸುವ ವಿದ್ಯೆ ಕಲಿಯಲಿಕ್ಕೆ ಡಿಪೋದ ಒಬ್ಬ ಕಾರಕೂನನನ್ನು ವರ್ಷದ ಮಟ್ಟಿಗೆ ತನ್ನೂರಿಗೆ ಕರೆದೊಯ್ಯುತ್ತಾನೆ. ಅಂದಾನೆಪ್ಪನ ಹೆಸರು ಹೋಗಿದೆ. ಬಂಗಲೆಗೆ ಕರೆಸಿ ಮಾತಾಡಿಸಿ ಹೂಂ ಅನ್ನುತ್ತಾನೆ, ಇಲ್ಲವೇ ಊಹೂಂ ಅನ್ನುತ್ತಾನೆ. ಊಹೂಂ ಅಂದರೆ? ಅಂದರೆ ಇದೇ ಹಾಸಿಗೆ, ಇದೇ ಸೂರು, ಮರದ ಮೈಮೇಲಿನ ನಂಬರುಗಳು, ಮತ್ತು ಮೂವತ್ತು ವರ್ಷಗಳ ನಂತರ ನಿವೃತ್ತಿಯ ಒಂದು ಹಾರ. ಹಾಸಿಗೆಯಲ್ಲಿ ಕೂತೇ ಅವನು ಸಾಹೇಬನ ದನಿ ತೆಗೆದು ಹೂಂ ಅಂದುನೋಡಿದ. ಸಾಹೇಬನನ್ನು ಅವನು ಕಂಡಿರಲೇ ಇಲ್ಲ. ಆದರೂ ದನಿ ಚೆನ್ನಾಗಿಯೇ ಬಂತು.

ದನಿ ತೆಗೆಯುವುದು ಅವನಿಗೆ ಎಂದೂ ಕಷ್ಟವಾಗಿರಲಿಲ್ಲ. ಕಾಲೇಜಿನ ಸಮ್ಮೇಳನದಲ್ಲಿ ಪ್ರಿನ್ಸಿಪಾಲರ ಕೆಮ್ಮಿನಿಂದ ಶುರುವಾಗಿ, ಸ್ಟೇಶನ್ ಮಾಸ್ತರರ ಮೂಗು, ರೇಂಜರ್ ಸಾಹೇಬರ ತೊದಲು, ಈರಕ್ಕ ಎಂಬ ಅವನ ಸ್ವಂತ ಅತ್ತೆ ಸತ್ತಾಗ ಅಳುತ್ತ ಬಂದ ಬೀಗರ ರಾಗ, ಎಲ್ಲ ಅವನ ಗಂಟಲಲ್ಲಿ ಬಾಡಿಗೆಗೆ ಇದ್ದವು. ಅತ್ತೆಯ ಸಾವಿನ ಮೂರನೆಯ ದಿನ ಆ ರಾಗ ತೆಗೆದಾಗ ಅಪ್ಪ ಕೆನ್ನೆಗೆ ಹೊಡೆದಿದ್ದ. ಹೊಡೆದ ಕೈಯನ್ನು ಅಪ್ಪ ಆಮೇಲೆ ಹೆಗಲ ವಸ್ತ್ರಕ್ಕೆ ಒರೆಸಿಕೊಂಡದ್ದು, ಏನೋ ಮೆತ್ತಿದೆ ಎಂಬಂತೆ ಒರೆಸಿಕೊಂಡದ್ದು, ಈಗ ಗಿರಿಜಾಬಾಯಿಯ ಖಾನಾವಳಿಯ ಮೆಟ್ಟಿಲು ಹತ್ತುವಾಗ ಯಾಕೆ ನೆನಪಾಯಿತೋ. ಒಳಗೆ ಹೊಗೆ, ರೊಟ್ಟಿ ಬಡಿಯುವ ಸದ್ದು, ಗೋಡೆಗೆ ಬೆನ್ನು ಕೊಟ್ಟು ಕೂತ ಏಳೆಂಟು ಮಂದಿ. ಡಿಪೋದ ಕೂಲಿಗಳ ಮುಕಾದಮ ದ್ಯಾಮಪ್ಪ ಅವನನ್ನು ಕಂಡಕೂಡಲೇ ಕೈ ಎತ್ತಿದ.

"ಬರ್ರಿ ಬರ್ರಿ, ಸ್ಟಾಕ್‌ಹೋಮ್ ಧಣ್ಯಾರ! ಏನ್ರಿ ಹೆಸರು ಆ ಊರಿಂದು? ಸ್ಟಾಕು ನಮ್ದು, ಹೋಮ ಅವರ್ದು. ನಮ್ಮ ಅಡವಿ ಎಲ್ಲಾ ಕಡ್ಡಿ ಮಾಡಿ ಗೀರಿ ಬಿಡ್ತಾರ ನೋಡ್ರಿ."

"ಸಾಹೇಬ್ನ ಹೆಸರು ಏನ್ ಅಂದ್ರಿ?" ಒಲೆಯ ಮುಂದಿನಿಂದ ಗಿರಿಜಾಬಾಯಿ ಕೇಳಿದಳು. ಐವತ್ತು ದಾಟಿದ ವಿಧವೆ. ಅಡಿಗೆಯಷ್ಟೇ ಖಾರ ಬಾಯಿ.

"ಎಕ್‌ಮನ್."

"ಹೆಸರಿಗೆ ಏಕ್ ಮಣ, ತೂಕಕ್ಕ ಮೂರು ಮಣ ಅಂತ ಸ್ಟೇಶನ್ನಾಗ ಮಾತಾಡ್ಕೊಳ್ಳಾಕತ್ತಾರ," ಅಂದ ದ್ಯಾಮಪ್ಪ.

"ನಮ್ಮ ಅಂದಾನೆಪ್ಪ ಬರೇ ಅಂದಾನ, ಅಂದಾನ. ಹೋಗ್ಯಾನೇನು ಅಂತ ಯಾರರ ಕೇಳ್ರಿ," ಅಂದಳು ಗಿರಿಜಾಬಾಯಿ. ಎಲ್ಲರೂ ನಕ್ಕರು. ಅಂದಾನೆಪ್ಪನೂ ನಕ್ಕ, ತುಸು ತಡವಾಗಿ.

ಆಮೇಲೆ ಎಲ್ಲರೂ ಕೇಳಿದ್ದು ಅದನ್ನೇ. ಮೂರು ತಿಂಗಳಿಂದ ಕೇಳುತ್ತಿದ್ದುದು. ಸ್ಟಾಕ್‌ಹೋಮಿನ ಅತಿದೊಡ್ಡ ಹೋಟೆಲಿಗೆ ಮಿಂಗೇಲ್ ಉಣ್ಣಲು ಹೋದ ಪ್ರಸಂಗ. ಪುಸ್ತಕದಲ್ಲಿ ನೀರಿನ ದಂಡೆಯ ಮೇಲೆ ದೀಪಗಳ ಮಾಲೆ ಹಾಕಿಕೊಂಡು ನಿಂತ ಹೋಟೆಲೊಂದರ ವರ್ಣನೆ ಇತ್ತು. ಬಾಗಿಲಲ್ಲಿ ಬಂಗಾರದ ಗುಂಡಿಗಳ ಕೋಟಿನವ, ಟೊಪ್ಪಿಗೆ ಇಸಿದುಕೊಳ್ಳುವವ ಇನ್ನೊಬ್ಬ, ಕುರ್ಚಿ ಎಳೆಯುವವ ಮತ್ತೊಬ್ಬ. ಅದರೊಳಗೆ ಯಾರನ್ನು ಕೂರಿಸಿದರೆ ಅತಿ ಹೆಚ್ಚು ನಗು ಬರುತ್ತದೆ ಎಂದು ಅಂದಾನೆಪ್ಪ ಒಂದು ಸಂಜೆ ಯೋಚಿಸಿದ್ದ. ಉತ್ತರ ಖಾನಾವಳಿಯ ಹೊರಗೇ ಮರದ ದಿಮ್ಮಿಯ ಮೇಲೆ ಕೂತಿತ್ತು. ಮಿಂಗೇಲ್: ಹಳಿಯಾಳದ ಕಡೆಯ ಸಿದ್ದಿ, ಕಿರಿಸ್ತಾನ, ಡಿಪೋದಲ್ಲಿ ಮರ ಬಡಿದು ನೋಡುವವ. ಹೊರಗೋಡೆಯ ಗೂಡಿನಲ್ಲಿ ಅವನ ಅಲ್ಯುಮಿನಿಯಮ್ಮಿನ ಮಗ್ಗು ಬೋರಲಾಗಿ ಇರುತ್ತಿತ್ತು. ಅದನ್ನು ಅವನೇ ತೆಗೆದು, ಎರಡೂ ಕೈಯಿಂದ ಹಿಡಿದು ಚಾಚಬೇಕು. ಗಿರಿಜಾಬಾಯಿ ಮೇಲಿನ ಮೆಟ್ಟಿಲಿನ ಎತ್ತರದಿಂದ ಚಹಾ ಹೊಯ್ಯಬೇಕು. ಹನಿ ಸಿಡಿಯದಂತೆ ಅವನು ಮುಖ ಹಿಂದಕ್ಕೆ ಎಳೆದುಕೊಳ್ಳಬೇಕು. ಕುಡಿದು, ತೊಳೆದು, ಮತ್ತೆ ಗೂಡಿನಲ್ಲಿ ಬೋರಲು. ಆ ಮುಖ ಎಳೆದುಕೊಳ್ಳುವ ಭಂಗಿಯನ್ನು ಅಂದಾನೆಪ್ಪ ಇದ್ದದ್ದು ಇದ್ದ ಹಾಗೆ ಮಾಡುತ್ತಿದ್ದ. ಬಂಗಾರದ ಗುಂಡಿಯವನ ಮುಂದೆ ಮಿಂಗೇಲ್ ಎರಡೂ ಕೈ ಚಾಚಿ, ಮುಖ ಹಿಂದೆಳೆದು, ಆ ಅಗಲ ಗಂಟಲಿನಿಂದ ಕೇಳುತ್ತಾನೆ: "ಯಪ್ಪಾ ಬಿಳಿಯಪ್ಪಾ, ಗಂಜಿ ಐತೇನೋ?"

ಇವತ್ತೂ ದ್ಯಾಮಪ್ಪ ನೆಲಕ್ಕೆ ಕೈ ಬಡಿದು ನಕ್ಕ. ಗಿರಿಜಾಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಸಾಕ್ ಬಿಡೋ ಯಪ್ಪಾ, ರೊಟ್ಟಿ ಸೀದ ಹೋಕ್ಕಾವ!" ಅಂದಳು. ಕಿಡಕಿಯ ಆಚೆ ಮಿಂಗೇಲಿನ ತಲೆಯ ಹಿಂಭಾಗ ಕಾಣುತ್ತಿತ್ತು, ಅಷ್ಟೇ. ಅದು ಎಂದೂ ತಿರುಗಿರಲಿಲ್ಲ. ಕೇಳಿಸುತ್ತದೆಯೋ ಇಲ್ಲವೋ ಎಂದು ಮೊದಮೊದಲು ಅಂದಾನೆಪ್ಪನಿಗೆ ಒಂದು ಕಿರಿಕಿರಿ ಇತ್ತು. ಆಮೇಲೆ, ಕೇಳಿಸಿದರೂ ತಿಳಿಯುವುದಿಲ್ಲ ಎಂದು ಕಿರಿಕಿರಿಯನ್ನು ಮಲಗಿಸಿದ್ದ. ಅದು ಹಸಿ ಸುಳ್ಳು. ಊರಲ್ಲಿ ಮಿಂಗೇಲಿನಷ್ಟು ಚೊಕ್ಕ ಕಿವಿ ಇನ್ನೊಂದಿರಲಿಲ್ಲ. ಕೊಡಲಿಯ ಹಿಂಬದಿಯಿಂದ ಒಂದು ಏಟು ಹಾಕಿ, ಮರಕ್ಕೆ ಕಿವಿ ಕೊಟ್ಟು, ಒಳಗೆ ಗಟ್ಟಿ ಇದೆಯೋ ಪೊಳ್ಳು ಇದೆಯೋ ಅವನು ಹೇಳುತ್ತಿದ್ದ, ಅಂದಾನೆಪ್ಪ ಬರೆದುಕೊಳ್ಳುತ್ತಿದ್ದ. ಆರು ವರ್ಷಗಳಿಂದ ಡಿಪೋದ ದಫ್ತರದಲ್ಲಿ ಇದ್ದದ್ದೆಲ್ಲ ಮಿಂಗೇಲಿನ ಕಿವಿ, ಅಂದಾನೆಪ್ಪನ ಅಕ್ಷರ.

ಕೈ ತೊಳೆದು ಹೊರಗೆ ಬಂದು ಡಿಪೋದ ದಾರಿ ಹಿಡಿದಾಗ ಮಿಂಗೇಲ್ ಹೆಗಲ ಮೇಲೆ ಕೊಡಲಿ ಇಟ್ಟುಕೊಂಡು ಹಿಂದಿನಿಂದ ಬಂದ. ಎಂದಿನಂತೆ ನಾಲ್ಕು ಹೆಜ್ಜೆ ಹಿಂದೆ. ಮಾತಿಗೆ ಮೊದಲು ಎಂದಿನಂತೆ ಕೆಮ್ಮಿದ.

"ಕಾರಕೂನರ, ಆ ಊರಾಗ ಗಂಜಿ ಸಿಗತೈತ್ರಿ."

"ಯಾವ ಊರಾಗ?"

"ನೀವು ಒಳಗ ಹೇಳ್ತಿದ್ರಲ್ಲಾ, ಅದ ಊರಾಗ. ಹಾಲ ಹಾಕಿ ಕೊಡ್ತಾರ. ಆದ್ರ ನೀರಿನ ದಂಡಿ ಮ್ಯಾಲಿನ ಆ ದೊಡ್ಡ ಹೋಟೆಲ್ನ್ಯಾಗ ಅಲ್ರಿ. ಸೇತುವೆ ದಾಟಿ ಹಳೇ ಊರಾಗ ಹೋಗಬೇಕು. ಓಣಿ ಹೆಂಗ ಅದಾವಂದ್ರ, ಹೊರಿ ಹೊತ್ತ ಇಬ್ರು ಎದುರಾಬದರಾ ಬಂದ್ರ ಒಬ್ಬಾಂವ ಹಿಂದ ಸರೀಬೇಕು."

ಗೋಡೆಯಲ್ಲಿನ ಗೂಡು ಬಾಯಿ ಬಿಟ್ಟು ಮಾತಾಡಿದ್ದರೂ ಅಂದಾನೆಪ್ಪ ಹೀಗೆ ನಿಲ್ಲುತ್ತಿರಲಿಲ್ಲ. ಕಾಳಿ ನದಿಯ ಕಡೆಯಿಂದ ಆನೆಯ ಸರಪಳಿಯ ಸದ್ದು ಬರುತ್ತಿತ್ತು. ಆ ಸದ್ದು ಮಾತ್ರ ನಿನ್ನೆಯ ಹಾಗೆಯೇ ಇತ್ತು. ಉಳಿದದ್ದೆಲ್ಲ, ರಸ್ತೆ, ಸಾಗವಾನಿ, ಕೊಡಲಿಯ ಅಂಚಿನ ಬಿಸಿಲು, ಒಂದು ಗೇಣು ಪಕ್ಕಕ್ಕೆ ಸರಿದುಬಿಟ್ಟಂತೆ ಕಂಡಿತು. ನಗಬೇಕು ಅನ್ನಿಸಿತು. ಬದಲಿಗೆ ಪರೀಕ್ಷೆ ಮಾಡಿದ. ಆ ಊರಿನಲ್ಲಿ ನೀರು ಸಿಹಿಯೋ ಉಪ್ಪೋ? "ಒಂದ ಕಡೆ ಸಿಹಿ, ಒಂದ ಕಡೆ ಉಪ್ಪು, ನಡುವ ಬಾಗಲಾ ಐತ್ರಿ." ಪುಸ್ತಕದ ನಲವತ್ತೆರಡನೆಯ ಪುಟದಲ್ಲಿ ಅದೇ ಇತ್ತು. ಚಳಿಗಾಲದಲ್ಲಿ ಹೊತ್ತು ಯಾವಾಗ ಮುಳುಗುತ್ತದೆ? "ಮಧ್ಯಾನ ಉಂಡು ಕೈ ತೊಳಿಯೂದರಾಗ." ಅದು ಪುಸ್ತಕದಲ್ಲಿ ಇರಲಿಲ್ಲ, ಆದರೆ ಪುಸ್ತಕಕ್ಕಿಂತ ನಿಜವಾಗಿ ಕೇಳಿಸಿತು.

ದೊಡ್ಡ ಯುದ್ಧ ಮುಗಿದ ಮರುವರ್ಷ ಮಿಂಗೇಲ್ ಅನಮೋಡದ ಗಡಿ ನಾಕಾ ದಾಟಿ ಗೋವೆಗೆ ಇಳಿದಿದ್ದ. ಮುರಗಾವ ಬಂದರದಲ್ಲಿ ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸ ಹಿಡಿದಿದ್ದ. ಹಡಗು ಎಲ್ಲೆಲ್ಲೋ ತಿರುಗಿ ಆ ಊರಿಗೆ ಹೋದಾಗ ಸಮುದ್ರವೇ ಹೆಪ್ಪುಗಟ್ಟಿ, ನಲವತ್ತು ದಿನ ಅಲ್ಲೇ. "ಸಮುದ್ರ ಕಲ್ಲ ಆಗಿತ್ರಿ. ಅದರ ಮ್ಯಾಲ ನಡಕೋತ ಹೋಗಿ ಊರು ಸೇರೂದು." ಹಡಗಿನ ಅಡಿಗೆಯವ ಜ್ವರದಲ್ಲಿ ಬಿದ್ದು, ಹೊರಗೆ ಉಣ್ಣಬೇಕಾಗಿ ಬಂತು. ಚಳಿ ತಡೆಯದೆ ಒಂದು ಗುಟುಕು ಶೆರೆ ಸಿಕ್ಕೀತೇ ಎಂದು ಹಳೇ ಊರಿನ ಓಣಿಯ ಒಂದು ಸಣ್ಣ ಅಂಗಡಿಗೆ ಹೋದ.

"ಅಲ್ಲಿ ಸರಕಾರದ್ದು ಒಂದು ಕಾಯ್ದೆ ಐತ್ರಿ. ಉಣ್ಣದವ್ರಿಗೆ ಶೆರೆ ಕೊಡಂಗಿಲ್ಲ. ಹಂಗಂತ ಮೊದಲ ಒಂದ ತಾಟು ಇಡ್ತಾರ. ಅದರಾಗ ರೊಟ್ಟಿತುಣುಕು, ಅದರ ಮ್ಯಾಲ ಒಣ ಮೀನ. ಸ್ಮೊರ್ಗೋಸ್ ಅಂತಾರ. ಯಾರೂ ತಿನ್ನಂಗಿಲ್ಲ ಮತ್ತ! ಕಾಯ್ದೆ ಸಲುವಾಗಿ ಎದುರಿಗೆ ಇಡೂದು, ಶೆರೆ ಕುಡಿಯೂದು, ಎದ್ದ ಹೋಗೂದು. ಅದ ತಾಟು ಆಚಿ ಮೇಜಿಗೆ. ಅಲ್ಲಿಂದ ಈಚಿ ಮೇಜಿಗೆ. ಆ ರೊಟ್ಟಿ ಎಷ್ಟ ದಿನದ್ದೋ ಯಾಂವ ಬಲ್ಲ. ನನಗೇನ ಗೊತ್ತರಿ? ಹಸಿವಿ. ಎದುರಿಗೆ ಇಟ್ರು, ತಿಂದ್ಬಿಟ್ಟೆ."

"ತಿಂದ್ಬಿಟ್ಟೀ?"

"ಪೂರಾ ತಿಂದೇರಿ. ಕಟುಮ್ ಕಟುಮ್ ಅಂತ. ತಲಿ ಎತ್ತಿ ನೋಡ್ತೇನಿ, ಇಡೀ ಅಂಗಡಿ ನನ್ನ ಬಾಯಾಗ ಕಣ್ಣಿಟ್ಟೈತಿ. ಒಬ್ಬಾಂವಂದು ಗ್ಲಾಸು ಅರ್ಧ ಮ್ಯಾಲೆ ನಿಂತದ್ದು ನಿಂತಂಗ. ಆ ಅಂಗಡಿ ಮುದುಕಿ, ಬಿಳೀ ಬಟ್ಟಿ ಸೊಂಟಕ್ಕ ಕಟಗೊಂಡಾಕಿ, ಒಳಗಿಂದ ಎದ್ದ ಬಂದ್ಲು..."

ಡಿಪೋದ ಗಂಟೆ ಬಡಿಯಿತು. ಆಗಲೇ ಮುಂದೆ ಹೋಗಿದ್ದ ದ್ಯಾಮಪ್ಪ ಗೇಟಿನಿಂದ ಕೂಗಿದ. ಬಂಗಲೆಗೆ ಬೂರುಗದ ಆರು ತುಂಡು ಸಾಗಿಸಬೇಕು, ಸಾಹೇಬ ಬಂದಾಯಿತು. ಮಿಂಗೇಲ್ ಮಾತನ್ನು ಅಲ್ಲಿಗೇ ಬಿಟ್ಟು ಓಡಿದ. ಅಂದಾನೆಪ್ಪ ಗೇಟಿನಲ್ಲಿ ನಿಂತು, ತನ್ನ ತುಟಿಗಳು ಆಗಲೇ ಕಟುಮ್ ಕಟುಮ್ ಅನ್ನುತ್ತಿದ್ದುದನ್ನು ಕಂಡುಕೊಂಡ. ಎಂಥ ಮಾಲು! ಮೂರು ತಿಂಗಳು ತಾನು ಹೆಣೆದ ನಗೆಗಿಂತ ನೂರು ಪಾಲು ಮೇಲಿನದು, ಗೂಡಿನ ಪಕ್ಕದಲ್ಲೇ ಇಷ್ಟು ದಿನ ಬೋರಲಾಗಿ ಬಿದ್ದಿತ್ತು. ಹೊಟ್ಟೆಕಿಚ್ಚು, ನಾಚಿಕೆ, ಎರಡೂ ಒಟ್ಟಿಗೆ ಬಂದವು. ನಾಚಿಕೆ ಎಂದು ಅವನು ಹೆಸರಿಡಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡು ಬಂಗಲೆಯ ದಾರಿ ಹಿಡಿದ.

ಎಕ್‌ಮನ್ ಸಾಹೇಬ ವರಾಂಡದ ಬೆತ್ತದ ಕುರ್ಚಿಯಲ್ಲಿ ಕುರ್ಚಿಯೇ ಕಾಣದಂತೆ ಕೂತಿದ್ದ. ಕೆಂಪು ಮುಖ, ಬಿಳಿ ಹುಬ್ಬು, ಇಂಗ್ಲಿಷನ್ನು ಎಚ್ಚರದಿಂದ ಒಂದೊಂದೇ ಇಟ್ಟಿಗೆ ಇಟ್ಟಂತೆ ಆಡುತ್ತಿದ್ದ. ಮೆಟ್ಟಿಲ ಕೆಳಗೆ ಮಿಂಗೇಲ್ ಬೂರುಗದ ತುಂಡುಗಳನ್ನು ಸಾಲಾಗಿ ಮಲಗಿಸಿ ಕೊಡಲಿ ಹಿಡಿದು ನಿಂತಿದ್ದ. ಸಾಹೇಬ ಮೊದಲು ಹೇಳಿದ್ದು ಒಂದೇ ಮಾತು. ಹೋದ ವರ್ಷ ಇನ್ನೊಂದು ಕಡೆಯಿಂದ ಒಬ್ಬನನ್ನು ಕರೆದೊಯ್ದೆ. ಬುದ್ಧಿವಂತ. ಮರದ ಒಳಗೆ ಏನಿದೆ ಎಂದು ಕೇಳಿದರೆ, ನಾನು ಏನು ಕೇಳಲು ಬಯಸುತ್ತೇನೋ ಅದನ್ನು ಹೇಳುತ್ತಿದ್ದ. ಅವನನ್ನು ಮುಂದಿನ ಹಡಗಿಗೇ ವಾಪಸು ಕಳಿಸಿದೆ. "ನನಗೆ ಇದ್ದದ್ದನ್ನು ಇದ್ದಂತೆ ಹೇಳುವವನು ಬೇಕು. ಬೇರೆ ಏನೂ ಬೇಡ."

"ಖಂಡಿತ, ಸರ್," ಅಂದ ಅಂದಾನೆಪ್ಪ.

ನಮ್ಮ ಊರಿನ ಬಗ್ಗೆ ನಿನಗೇನು ಗೊತ್ತು ಎಂದು ಸಾಹೇಬ ಕೇಳಿದಾಗ, ಒಂಬತ್ತು ಪುಟಗಳು ಮಡಚಿದ ಕೊಡೆ ಬಿಚ್ಚಿದಂತೆ ಬಿಚ್ಚಿಕೊಂಡವು. ಬೆಳಗಿನ ಕಾಫಿಗೆ ಅರಮನೆಯ ಹಿಂದಿನ ಅಂಗಡಿ, ಮಧ್ಯಾಹ್ನ ಮೀನಿಗೆ ಮಾರುಕಟ್ಟೆಯ ಮಹಡಿ, ಸಂಜೆಗೆ ಉದ್ಯಾನದ ಸಂಗೀತದ ಹೋಟೆಲು. ಸಾಹೇಬ ಬೆರಳು ಮಡಚುತ್ತ ಹೋದ. "ಅದು ಸುಟ್ಟುಹೋಯಿತು. ಅದನ್ನು ಕೆಡವಿದರು. ಅದರ ಮಾಲೀಕ ನನ್ನ ಅಜ್ಜನ ಗೆಳೆಯ, ಅಜ್ಜನೂ ಇಲ್ಲ. ತಮ್ಮಾ, ನಿನ್ನ ಪುಸ್ತಕ ಸತ್ತವರ ಊಟದ ಪಟ್ಟಿ." ಬೈಗುಳವಲ್ಲ, ಸಂತಾಪ. ಅದು ಇನ್ನೂ ಕೆಟ್ಟದಾಗಿ ತಾಕಿತು. ಸಾಹೇಬನ ಕಣ್ಣು ಆಗಲೇ ಮರದ ತುಂಡುಗಳ ಕಡೆ ಸರಿಯುತ್ತಿತ್ತು. ಆ ಕಣ್ಣು ಒಮ್ಮೆ ಸರಿದರೆ ಮುಗಿಯಿತು, ಮೂವತ್ತು ವರ್ಷ ಮತ್ತು ಹಾರ. ಆಗ ಅಂದಾನೆಪ್ಪನ ಬಾಯಿಂದ ಸ್ಮೊರ್ಗೋಸ್ ಎಂಬ ಶಬ್ದ ಹೊರಬಿತ್ತು.

ಸಾಹೇಬ ತಿರುಗಿದ. ಆಮೇಲಿನದು ಅಂದಾನೆಪ್ಪ ಮಾಡಿದ್ದಲ್ಲ, ಅವನ ಗಂಟಲು ಮಾಡಿದ್ದು. ಎದ್ದು ನಿಂತ. ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡೆದ. ಓಣಿಯಲ್ಲಿ ಎದುರಾದವನಿಗೆ ಹಿಂದೆ ಸರಿದ. ಮೇಜಿನಿಂದ ಮೇಜಿಗೆ ಹೋಗುವ ತಾಟಾದ, ಅರ್ಧದಲ್ಲಿ ನಿಂತ ಗ್ಲಾಸಾದ, ಮತ್ತು ಆ ಅಗಲ ಗಂಟಲಿನ, ಹಸಿದ, ಕಪ್ಪು ಖಲಾಸಿಯಾಗಿ ಕಟುಮ್ ಕಟುಮ್ ಎಂದು ಊರಿನ ಕಾಯ್ದೆಯನ್ನೇ ತಿಂದು ಮುಗಿಸಿದ. ಸಾಹೇಬನ ಹೊಟ್ಟೆ ಮೊದಲು ನಕ್ಕಿತು, ಆಮೇಲೆ ಕುರ್ಚಿ, ಕೊನೆಗೆ ಕಣ್ಣು. ಕರವಸ್ತ್ರ ತೆಗೆದು ಒರೆಸಿಕೊಂಡ. ಹೌದು, ಹೌದು, ನಾನು ಹುಡುಗನಿದ್ದಾಗ ಅದೇ ತಾಟು, ಅದೇ ರೊಟ್ಟಿ! ಇದು ಯಾವ ಪುಸ್ತಕದಲ್ಲೂ ಇಲ್ಲ. ಯಾರು ಹೇಳಿದರು?

"ಹಡಗಿನ ಒಬ್ಬ ಖಲಾಸಿ, ಸರ್. ಅವನು ಹೇಳಿದ್ದನ್ನು ಹೇಳಿದಂತೆಯೇ ಹೇಳಿದೆ."

"ಆಮೇಲೆ? ತಿಂದಮೇಲೆ ಏನಾಯಿತು ಅವನಿಗೆ?"

ಮುದುಕಿ ಒಳಗಿನಿಂದ ಎದ್ದು ಬಂದಳು. ಅಲ್ಲಿಗೆ ಗಂಟೆ ಬಡಿದಿತ್ತು. ಮೆಟ್ಟಿಲ ಕೆಳಗೆ ನೋಡಲು ಅಂದಾನೆಪ್ಪನಿಗೆ ಧೈರ್ಯವಾಗಲಿಲ್ಲ. ಆದರೆ ಇದರಲ್ಲಿ ಕೇಳುವುದೇನಿದೆ? ಒಬ್ಬ ಸಿದ್ದಿ ತನ್ನದಲ್ಲದ ತಾಟಿನಿಂದ, ಎಲ್ಲರ ನಡುವೆ ಕೂತು, ಮುಟ್ಟಬಾರದ್ದನ್ನು ತಿಂದ ಮೇಲೆ ಅಂಗಡಿಯವಳು ಏನು ಮಾಡುತ್ತಾಳೆ? ಹಳಿಯಾಳದಲ್ಲಾಗಲಿ ಧಾರವಾಡದಲ್ಲಾಗಲಿ ಇದಕ್ಕೆ ಎರಡು ಉತ್ತರ ಇರಲಿಲ್ಲ. ಅವನಿಗೆ ತಾನು ಕಲ್ಪಿಸುತ್ತಿದ್ದೇನೆ ಎಂದು ಕೂಡ ಅನ್ನಿಸಲಿಲ್ಲ. ಕಂಡದ್ದನ್ನೇ ಹೇಳಿದಷ್ಟು ಸಲೀಸಾಗಿ ಹೇಳಿದ:

"ದೇ ಥ್ರೂ ಹಿಮ್ ಔಟ್, ಸರ್."

ಹೊರಗೆ ಹಾಕಿದರು. ಸಾಹೇಬನ ನಗು ಹಾಗೇ ನಿಂತಿತು.

"ನೇಯ್," ಎಂದು ಮೆಟ್ಟಿಲ ಕೆಳಗಿನಿಂದ ಯಾರೋ ಅಂದರು.

ಅದು ಸಾಹೇಬನ ಊರಿನ ಭಾಷೆಯಲ್ಲಿ 'ಇಲ್ಲ' ಎಂಬ ಮಾತು. ಸಾಹೇಬ ಕುರ್ಚಿಯಿಂದ ಏಳುವ ಮೊದಲೇ ಅಂದಾನೆಪ್ಪನಿಗೆ ಅದು ಗೊತ್ತಾಯಿತು. ಸಾಹೇಬನ ಮುಖವೇ ಹೇಳಿತು. ಸಾಹೇಬ ತನ್ನ ಭಾಷೆಯಲ್ಲಿ ಏನೋ ಕೇಳಿದ. ಮಿಂಗೇಲ್ ಕೊಡಲಿಯನ್ನು ತುಂಡಿಗೆ ಒರಗಿಸಿ, ಕತೆ ಹೇಳಲು ಸಾಲದ ನಾಲ್ಕಾರು ಶಬ್ದಗಳನ್ನು ಹಳೆಯ ಪೆಟ್ಟಿಗೆಯಿಂದ ತೆಗೆದಂತೆ ತೆಗೆದ. ಅವು ಮುಗಿದವು. ಮುಗಿದ ಮೇಲೆ ಕನ್ನಡದಲ್ಲಿ ಹೇಳತೊಡಗಿದ, ಅಂದಾನೆಪ್ಪನ ಕಡೆ ನೋಡದೆ, ಸಾಹೇಬನಿಗೇ ಹೇಳುವಂತೆ.

"ಹೊರಗ ಹಾಕಲಿಲ್ರಿ ಸಾಹೇಬ್ರ. ಹೊಡೀತಾಳ ಅಂತ ನಾ ಕೈ ಅಡ್ಡ ಹಿಡಕೊಂಡೆ. ಆಕಿ ಖಾಲಿ ತಾಟು ತಗೊಂಡು ಒಳಗ ಹೋದ್ಲು. ಎರಡ ತಾಟು ತಂದ್ಲು, ಬಿಸಿ ಬಟಾಟಿ, ತಾಜಾ ಮೀನ. ಒಂದ ನನಗ. ಒಂದ ಇಟಗೊಂಡು ನನ್ನ ಎದುರಿಗೆ ಕುಂತ್ಲು. ಮಂದಿ ನನ್ನ ಬಾಯಿ ನೋಡಬಾರದು ಅಂತ ತಾನೂ ಉಂಡ್ಲು. ಉಂಡಾದ ಮ್ಯಾಲ ನಾ ನನ್ನ ಗ್ಲಾಸು ಬರ್ಫದಾಗ ತೊಳದು ಹೊರಗ ಕಿಡಕಿ ಮ್ಯಾಲ ಬೋರಲ ಇಟ್ಟೆ. ನಮ್ಮೂರಾಗ ಇಡ್ತೇವಲ್ರಿ, ಹಂಗ. ಮರುದಿನ ಹೋಗಿ ನೋಡಿದ್ರ ಹೊರಗ ಇಲ್ಲ. ಒಳಗ, ಎಲ್ಲಾರ ಗ್ಲಾಸಿನ ನಡುವ ಐತಿ. ಮತ್ತ ಹೊರಗ ಇಟ್ಟೆ. ಮತ್ತ ಒಳಗ. ನಾಕ ದಿನ ನಾ ಹೊರಗ ಇಡೂದು, ಆಕಿ ಒಳಗ ಇಡೂದು. ಐದನೇ ದಿನ ನಾ ಸೋತೆ. ನಲವತ್ತ ದಿನ ಅಲ್ಲೇ ಉಂಡೇನ್ರಿ."

ಇಷ್ಟು ಹೇಳಿ ಕೊಡಲಿ ಎತ್ತಿಕೊಂಡ. ವರಾಂಡದ ಮೂಲೆಯಲ್ಲಿ ಒಂದು ಕಣಜ ಸುತ್ತುತ್ತಿತ್ತು. ಸಾಹೇಬ ಅಂದಾನೆಪ್ಪನ ಕಡೆ ತಿರುಗಿದ: "ಏನು ಹೇಳಿದ? ಇದ್ದದ್ದು ಇದ್ದಂತೆ ಹೇಳು."

ಇದ್ದದ್ದು ಇದ್ದಂತೆ. ಅಷ್ಟೇ ತಾನೆ? ನಾಲಗೆಯ ಮೇಲೆ ಮಾತು ತಯಾರಿತ್ತು: ಅವಳು ಎದುರಿಗೆ ಕೂತು ಉಂಡಳು, ಸರ್. ಇದನ್ನು ಹೇಳಿದರೆ ಒಂದು ನಿಮಿಷದ ಹಿಂದೆ, 'ಹೇಳಿದ್ದನ್ನು ಹೇಳಿದಂತೆಯೇ' ಎಂದು ಆಣೆಯಿಟ್ಟು ಹೇಳಿದ್ದು ಏನು? ಮುಂದಿನ ಹಡಗಿಗೇ ವಾಪಸು. ಹಡಗು ಹತ್ತುವ ಮೊದಲೇ ವಾಪಸು. ಗಿರಿಜಾಬಾಯಿಯ ನಗು ಕೇಳಿಸಿತು, ಅಂದಾನ, ಹೋಗ್ಯಾನೇನು. ಮತ್ತು ಇನ್ನೊಂದು, ಅದಕ್ಕಿಂತ ಒಳಗಿನದು: ಗ್ಲಾಸು ಒಳಗೆ ಇತ್ತು ಎಂಬ ಮಾತನ್ನು ತನ್ನ ಬಾಯಿಂದ, ತನ್ನ ಇಂಗ್ಲಿಷಿನಲ್ಲಿ, ತಾನೇ ಆಡಬೇಕಲ್ಲ. ಯಾವ ದನಿಯಲ್ಲಿ ಆಡುವುದು? ಹುಡುಕಿದ. ಅಷ್ಟು ಬಾಡಿಗೆದಾರರ ನಡುವೆ ಆ ಮಾತನ್ನು ಆಡಬಲ್ಲ ಒಂದು ದನಿಯೂ ಅವನ ಗಂಟಲಲ್ಲಿ ಇರಲಿಲ್ಲ.

"ಆ ಖಲಾಸಿ ಇವನೇ, ಸರ್. 'ನೇಯ್, ನೇಯ್' ಎಂದು ಕೂಗುತ್ತ ಅವರು ತನ್ನನ್ನು ಹೊರಗೆ ಹಾಕಿದರು ಅನ್ನುತ್ತಾನೆ. ಗ್ಲಾಸನ್ನೂ ಹೊರಗೆ ಎಸೆದರಂತೆ."

ಹೇಳಿ ಮುಗಿಸಿದ ಮೇಲೆ, ಹಡಗುಗಳಲ್ಲಿ ವರ್ಷಗಟ್ಟಲೆ ದುಡಿದವನಿಗೆ ಇಷ್ಟು ಇಂಗ್ಲಿಷ್ ತಿಳಿಯದೇ ಇರುತ್ತದೆಯೇ ಎಂಬ ಯೋಚನೆ ಬಂತು. ಮೆಟ್ಟಿಲ ಕೆಳಗೆ ಕಣ್ಣು ಹೋಯಿತು. ಮಿಂಗೇಲ್ ಅವನನ್ನೇ ನೋಡುತ್ತಿದ್ದ. ಸಿಟ್ಟಿನಿಂದ ಅಲ್ಲ. ಗಟ್ಟಿ ಎಂದುಕೊಂಡ ಮರ ಬೇರೆ ಸದ್ದು ಕೊಟ್ಟಾಗ ತಲೆ ಒಂದು ಪಕ್ಕಕ್ಕೆ ವಾಲಿಸಿ ಇನ್ನೊಮ್ಮೆ ಕಿವಿಗೊಡುತ್ತಾನಲ್ಲ, ಹಾಗೆ.

ಸಾಹೇಬ ಭಾರವಾಗಿ ಮೆಟ್ಟಿಲು ಇಳಿದ. ಟೊಪ್ಪಿಗೆ ತೆಗೆದ. ಮಿಂಗೇಲಿನ ಮುಂದೆ ನಿಂತು, ನನ್ನ ಊರಿನ ಪರವಾಗಿ ನಾನು ಕ್ಷಮೆ ಕೇಳುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿ ಕೈ ಚಾಚಿದ. ಮಿಂಗೇಲ್ ಆ ಕೈಯನ್ನು ಎಷ್ಟೋ ಹೊತ್ತು ನೋಡಿದ. ಈಗ ಹೇಳುತ್ತಾನೆ, ಈಗ, ಎಂದು ಅಂದಾನೆಪ್ಪ ಕಾದ. ಮಿಂಗೇಲ್ ತನ್ನ ಬಲಗೈಯನ್ನು ಚೊಣ್ಣಕ್ಕೆ ಒರೆಸಿಕೊಂಡು ಕೊಟ್ಟ. ಹೆಗಲ ವಸ್ತ್ರಕ್ಕೆ ಒರೆಸಿಕೊಂಡ ಅಪ್ಪನ ಕೈ ಮತ್ತೆ ನೆನಪಾಯಿತು. ವರಾಂಡಕ್ಕೆ ಹಿಂದಿರುಗಿದ ಸಾಹೇಬ, ನನ್ನ ಊರಿನ ಕೆಟ್ಟದ್ದನ್ನೂ ನನ್ನ ಮುಖಕ್ಕೆ ಹೇಳಿದೆ, ನನಗೆ ಬೇಕಾದವನು ನೀನೇ, ಅಕ್ಟೋಬರದಲ್ಲಿ ಹಡಗು, ಅಂದ. ಹೂಂ ಅನ್ನುವ ಆ ದನಿ, ಬೆಳಗ್ಗೆ ಹಾಸಿಗೆಯಲ್ಲಿ ತಾನು ತೆಗೆದ ದನಿಯ ಹಾಗೆ ಒಂದಿಷ್ಟೂ ಇರಲಿಲ್ಲ.

ಖಾನಾವಳಿಗೆ ಸುದ್ದಿ ಅವನಿಗಿಂತ ಮೊದಲೇ ಮುಟ್ಟಿತ್ತು. ಗಿರಿಜಾಬಾಯಿ ಹೋಳಿಗೆ ಬಡಿಸಿದಳು, ಮೇಲೆ ತುಪ್ಪ. "ಅಂದಾನೆಪ್ಪ ಹೊಂಟಾನೆಪ್ಪ ಆದ ನೋಡ್ರಿ!" ದ್ಯಾಮಪ್ಪ ಅಂದ. "ಎಲ್ಲಿ ಮತ್ತ, ಮಿಂಗೇಲ್ನ ಗಂಜಿ ಒಂದ ಸಲ ಆಗ್ಲಿ." ಎಲ್ಲರೂ ಕೂಗಿದರು. ಅಂದಾನೆಪ್ಪ ಬಾಯಿ ತೆರೆದ. ಕೈ ಚಾಚಿದ. ಮುಖ ಹಿಂದೆಳೆದುಕೊಂಡ. ಭಂಗಿ ಬಂತು, ದನಿ ಬರಲಿಲ್ಲ. ಅದೂ ಒಂದು ನಗೆಯೆಂದು ತಿಳಿದು ಅವರು ನಕ್ಕರು. ಕಿಡಕಿಯ ಆಚೆ ದಿಮ್ಮಿಯ ಮೇಲೆ ಯಾರೂ ಇರಲಿಲ್ಲ.

"ಮಿಂಗೇಲ್ ಬಂದಿಲ್ಲೇನು?"

"ಬಂದಿದ್ದಾ. ಮಗ್ಗು ತಗೊಂಡು ಹೋದ. ಚಹಾ ಬ್ಯಾಡಂತ," ಅಂದಳು ಗಿರಿಜಾಬಾಯಿ. ಆಮೇಲೆ ಅವನ ತಾಟನ್ನು ನೋಡಿ, "ಉಣವಲ್ಲಿ ಯಾಕೋ? ಮೈಯಾಗ ನೆಟ್ಟಗಿಲ್ಲೇನು?" ಅವನು ತಾಟನ್ನು ತುಸು ಆಚೆ ತಳ್ಳಿದ. "ಮುಟ್ಟಿಲ್ಲಲ್ಲ, ಇರಲಿ ತಗಿ," ಎಂದು ಅವಳು ತಾಟನ್ನು ಎತ್ತಿ ಪಕ್ಕದ ದ್ಯಾಮಪ್ಪನ ಮುಂದೆ ಸರಿಸಿದಳು. ತಾಟು ನೆಲದ ಮೇಲೆ ಜಾರಿ ಹೋದ ಸದ್ದಿಗೆ ಅಂದಾನೆಪ್ಪ ಬೆಚ್ಚಿಬಿದ್ದು ಎದ್ದ.

ಡಿಪೋದಲ್ಲಿ ಮಳೆ ಬಿಟ್ಟು ಬಿದ್ದ ಬಿಸಿಲು ಇನ್ನೂ ಗಟ್ಟಿಯಾಗಿತ್ತು. ಬೂರುಗದ ದಿಮ್ಮಿಗಳ ಸಾಲಿನ ತುದಿಯಲ್ಲಿ ಮಿಂಗೇಲ್ ಒಬ್ಬನೇ ಕೆಲಸ ಮಾಡುತ್ತಿದ್ದ. ಮಗ್ಗು ಅವನ ಸೊಂಟದ ಹಗ್ಗಕ್ಕೆ ನೇತಾಡುತ್ತಿತ್ತು. ಅಂದಾನೆಪ್ಪ ದಫ್ತರ ತೆಗೆದುಕೊಂಡು ಹತ್ತಿರ ಹೋದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿದ್ದು ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಇದು, ಅದೂ ಕೆಲಸದ ಮಾತಿನ ಹಾಗೆ:

"ಆ ಮುದುಕಿ ಅಂಗಡಿ ಯಾವ ಓಣ್ಯಾಗ ಐತಿ ಅಂದಿ, ಮಿಂಗೇಲ್? ಅಲ್ಲಿ ಹೋದ ಮ್ಯಾಲ... ಎಲ್ಲಿ ಉಣ್ಣಬೇಕು ಅಂತ."

ಮಿಂಗೇಲ್ ಕೊಡಲಿ ಇಳಿಸಿದ. ನೆಟ್ಟಗೆ ನಿಂತ. ಇಲ್ಲದ ಕೋಟಿನ ಮೇಲಿನ ಗುಂಡಿಯನ್ನು ಎರಡು ಬೆರಳಿಂದ ಒಮ್ಮೆ ತಿರುವಿದ. ಗದ್ದವನ್ನು ತುಸು ಮೇಲೆತ್ತಿ, ಎಡ ಹುಬ್ಬನ್ನು ಮಾತ್ರ ಏರಿಸಿ, ಉಗುಳು ನುಂಗಿ, ತೆಳ್ಳಗಿನ, ಸ್ವಲ್ಪ ಮೂಗಿನ, ಕೊನೆಯಲ್ಲಿ ಅಂಗಲಾಚುವ ಒಂದು ದನಿಯಲ್ಲಿ ಹೇಳಿದ:

"ದೇ ಥ್ರೂ ಹಿಮ್ ಔಟ್, ಸರ್."

ಅಂದಾನೆಪ್ಪನಿಗೆ ಮೊದಲು ನಗು ಬಂತು. ತಾನಾಗಿ, ಕುಶಲಿಗನಿಗೆ ಕುಶಲಿಗನನ್ನು ಕಂಡಾಗ ಬರುವ ನಗು. ಯಾರನ್ನು ತೆಗೆದ, ಎಷ್ಟು ಚೊಕ್ಕ ತೆಗೆದ, ಈ ಬಡಪಾಯಿ ಯಾರು ಎಂದು ಒಂದು ಗಳಿಗೆ ಹುಡುಕಿದ. ಆಮೇಲೆ ತನ್ನವೇ ಎರಡು ಬೆರಳು ತನ್ನ ಕೋಟಿನ ಮೇಲಿನ ಗುಂಡಿಯ ಮೇಲೆ ಇರುವುದು ಅವನಿಗೆ ತಿಳಿಯಿತು. ಇಪ್ಪತ್ತೆಂಟು ವರ್ಷಗಳಲ್ಲಿ ಆ ದನಿಯನ್ನು ಅವನು ಒಮ್ಮೆಯೂ ಹೊರಗಿನಿಂದ ಕೇಳಿರಲಿಲ್ಲ. ಬೆರಳುಗಳನ್ನು ಗುಂಡಿಯಿಂದ ತೆಗೆಯಲು ನೋಡಿದ. ತೆಗೆದು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ನನಗಂತ ಅಲ್ರಿ," ಅಂದ ಮಿಂಗೇಲ್, ಈಗ ತನ್ನದೇ ದನಿಯಲ್ಲಿ. "ನನ್ನ ಎಷ್ಟ ಸಲ ಬೇಕಾದ್ರೂ ಹೊರಗ ಹಾಕ್ರಿ. ನನಗ ರೂಢಿ ಐತಿ. ಆಕಿ ಕಡಿಂದ ಯಾಕ ಹಾಕಿಸಿದ್ರಿ?"

ಮಗ್ಗು ದಿಮ್ಮಿಗೆ ತಾಗಿ ಸಣ್ಣಗೆ ಸದ್ದಾಯಿತು. ಮಿಂಗೇಲ್ ಬಗ್ಗಿ, ಕೊಡಲಿಯ ಹಿಂಬದಿಯಿಂದ ಮುಂದಿನ ಮರಕ್ಕೆ ಏಟು ಹಾಕಿ, ಕಿವಿ ಕೊಟ್ಟ. ಅಂದಾನೆಪ್ಪ ಪೆನ್ಸಿಲು ಹಿಡಿದು ಕಾದ. ಆರು ವರ್ಷಗಳಿಂದ ಕಾದ ಹಾಗೆಯೇ ಕಾದ. ಮಿಂಗೇಲ್ ಎದ್ದು, ಏನೂ ಹೇಳದೆ, ಅದರ ಮುಂದಿನ ಮರಕ್ಕೆ ಹೋದ. ಏಟು. ಕಿವಿ.

"ಏನ್ ಬರೀಲಿ?" ಅಂದಾನೆಪ್ಪ ಕೇಳಿದ.

"ನಿಮಗ ಹೆಂಗ ಬೇಕೋ ಹಂಗ ಬರಕೋರಿ."

ಅವನು ಸಾಲಿನ ಆ ತುದಿಗೆ ಹೋಗಿ ಮರೆಯಾದ ಮೇಲೆ ಅಂದಾನೆಪ್ಪ ದಫ್ತರವನ್ನು ನೆಲಕ್ಕಿಟ್ಟು ಮೊಣಕಾಲೂರಿದ. ಒಂದು ಕಲ್ಲು ತೆಗೆದುಕೊಂಡು ಹತ್ತಿರದ ದಿಮ್ಮಿಗೆ ಕುಟ್ಟಿದ. ತಣ್ಣನೆಯ ತೊಗಟೆಗೆ ಕೆನ್ನೆ ಒತ್ತಿ ಕೇಳಿದ. ಪಕ್ಕದ್ದಕ್ಕೆ ಕುಟ್ಟಿದ. ಅದರ ಪಕ್ಕದ್ದಕ್ಕೆ. ಮರ ಕೊಟ್ಟ ಸದ್ದನ್ನು ಗಂಟಲಲ್ಲಿ ತೆಗೆದುನೋಡಿದ. ಅದು ಥೇಟು ಮರದ ಹಾಗೆಯೇ ಬಂತು. ಒಳಗೆ ಏನಿದೆ ಎಂದು ಮಾತ್ರ ತಿಳಿಯಲಿಲ್ಲ. ಅಕ್ಟೋಬರಕ್ಕೆ ಇನ್ನು ಎರಡು ತಿಂಗಳು ಇತ್ತು. ಅವನು ಮುಂದಿನ ದಿಮ್ಮಿಗೆ ತೆವಳಿದ.